ಮಳೆ ಬಂದರೆ ಆಫ್ ಆಗುವ ಕಾರು

ಜಾಬ್ ಕಾರ್ಡ್‌ನಲ್ಲಿ ಅಡ್ವೈಸರ್ ಬರೆದದ್ದು ಇಷ್ಟೇ: "ಮಳೆಗೆ ಇಂಜಿನ್ ಆಫ್. ಸ್ವಲ್ಪ ಹೊತ್ತು ಬಿಟ್ಟರೆ ಸ್ಟಾರ್ಟ್." ಜೂನ್ ತಿಂಗಳ ಉಡುಪಿಯಲ್ಲಿ ಇಂಥ ಕಾರ್ಡ್ ನೋಡಿ ಯಾರೂ ತಲೆ ಕೆರೆದುಕೊಳ್ಳುವುದಿಲ್ಲ. ಪ್ಲಗ್ ಹೋಲ್‌ಗೆ ನೀರು ಇಳಿದಿರುತ್ತದೆ, ಇಲ್ಲವೇ ಪ್ಲಗ್‌ಗೆ ಕಿಡಿಯ ಕರೆಂಟ್ ಕೊಡುವ ಕಾಯಿಲ್ ಲೀಕ್ ಹೊಡೆಯುತ್ತಿರುತ್ತದೆ. ಕಾರ್ಡ್ ಓದಿ ಮುಗಿಸುವಷ್ಟರಲ್ಲಿ ನನ್ನ ತಲೆಯಲ್ಲಿ ರಿಪೇರಿ ಅರ್ಧ ಆಗಿಹೋಗಿತ್ತು. ಎಡವಟ್ಟು ಶುರುವಾದದ್ದೇ ಅಲ್ಲಿ.

ಗಾಡಿ ಮಲ್ಪೆಯ ಮೀನಿನ ವ್ಯಾಪಾರಿಯೊಬ್ಬರದು. ಪೆಟ್ರೋಲ್ ಗಾಡಿ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಟ್ರಾಲ್ ಬೋಟುಗಳು ಕಡಲಿಗೆ ಇಳಿಯುವಂತಿಲ್ಲವಲ್ಲ, ಬಂದರಿನವರ ಗಾಡಿಗಳೆಲ್ಲ ಆ ಸಮಯದಲ್ಲೇ ನಮ್ಮಲ್ಲಿಗೆ ಬರುವುದು. ಕೀ ಕೊಡುವಾಗ ಅವರು ಒಂದು ಮಾತು ಹೇಳಿದ್ದರು. "ಫ್ಯೂಯಲ್ ಪಂಪ್ ಬೇರೆ ಕಡೆ ಹೊಸ್ತು ಹಾಕ್ಸಿ ಆಗಿದೆ ಮಾರಾಯ್ರೆ, ಆದ್ರೂ ಪ್ರಾಬ್ಲಂ ಹಾಗೇ ಉಂಟು." ಅಂದರೆ ನನಗಿಂತ ಮೊದಲೇ ಯಾರೋ ಒಬ್ಬನಿಗೆ ಪಂಪ್ ಮೇಲೆ ಅನುಮಾನ ಬಂದಿತ್ತು. ಅವನಿಗೆ ಏನೋ ಕಂಡದ್ದಕ್ಕೇ ತಾನೆ ಪಂಪ್‌ಗೆ ಕೈ ಹಾಕಿದ್ದು? ನಾನು ಆ ಮಾತನ್ನು ಕೇಳಿಸಿಕೊಂಡದ್ದು ಹೀಗೆ: ಪಂಪ್ ಹೊಸದು, ಹಾಗಾಗಿ ಆ ಕಡೆ ನೋಡುವ ಕೆಲಸ ಇಲ್ಲ.

ಸ್ಕ್ಯಾನರ್ ಹಾಕಿದೆ. ಎರಡು ಕೋಡ್ ಕೂತಿದ್ದವು. ಪಿ0300, ಅಂದರೆ ಯಾವ್ಯಾವುದೋ ಸಿಲಿಂಡರ್‌ನಲ್ಲಿ ಪೆಟ್ರೋಲ್ ಸರಿಯಾಗಿ ಹೊತ್ತಿಕೊಳ್ಳದ ರ‍್ಯಾಂಡಮ್ ಮಿಸ್‌ಫೈರ್. ಪಿ0171, ಅಂದರೆ ಮಿಕ್ಸ್ಚರ್ ಲೀನ್, ಗಾಳಿಗೆ ತಕ್ಕಷ್ಟು ಪೆಟ್ರೋಲ್ ಇಲ್ಲ. ಮಳೆಯ ಕಥೆಗೆ ಮಿಸ್‌ಫೈರ್ ಸರಿಯಾಗಿ ಹೊಂದುತ್ತಿತ್ತು, ಲೀನ್ ಹೊಂದುತ್ತಿರಲಿಲ್ಲ. ಹೊಂದದ್ದನ್ನು ಬದಿಗಿಟ್ಟೆ. ಫ್ಯೂಯಲ್ ಪ್ರೆಶರ್ ನೋಡಲೇ ಇಲ್ಲ ಅಂತಲ್ಲ, ಗೇಜ್ ಕಟ್ಟಿದೆ. ಐಡಲ್‌ನಲ್ಲಿ 3 ಬಾರ್, ಮುಳ್ಳು ಅಲ್ಲಾಡದೆ ನಿಂತಿತ್ತು. ಬಾನೆಟ್ ಎತ್ತಿ ಪೈಪಿನಲ್ಲಿ ನೀರು ಹೊಡೆದರೆ ಇಂಜಿನ್ ಕೆಮ್ಮಲೂ ಇಲ್ಲ. ಒಂದು ಕಾಯಿಲ್‌ನ ರಬ್ಬರ್ ಬೂಟ್ ಮೇಲೆ ಮಾತ್ರ ಕಾರ್ಬನ್ ಎಳೆಯೊಂದು ಕಾಣಿಸಿತು. ಅಷ್ಟು ಸಾಕಾಯಿತು. ನಾಲ್ಕೂ ಕಾಯಿಲ್, ನಾಲ್ಕೂ ಪ್ಲಗ್ ಸ್ಟೋರ್‌ನಿಂದ ಇಶ್ಯೂ ಮಾಡಿಸಿ ಹಾಕಿದೆ.

ಸಂಜೆ ಹೊತ್ತಿಗೆ ಫ್ಲೋರ್ ಮ್ಯಾನೇಜರ್ ನಾನು ರಿಪೇರಿ ಮಾಡುವ ಬೇ ಪಕ್ಕದಲ್ಲೇ ನಿಂತುಬಿಟ್ಟಿದ್ದರು. ಗಿರಾಕಿ ಮರುದಿನ ಬೆಳಿಗ್ಗೆ ಬೇಗ ಮೈಸೂರಿಗೆ ಹೊರಡಬೇಕು, ಮಗಳ ಕಾಲೇಜು ಅಡ್ಮಿಶನ್. ಮಂಗಳೂರು ದಾಟಿ ಸಂಪಾಜೆ ಘಾಟಿ ಹತ್ತುವ ದಾರಿ. "ಎಲ್ಲ ಹಾಕಿ ಆಯ್ತಲ್ಲ, ಗಾಡಿ ಬಿಡಿ. ಟ್ರಯಲ್ ಅವರೇ ಮಾಡ್ಕೊಳ್ತಾರೆ." ಡೆಲಿವರಿ ಕೌಂಟ್ ಸಂಜೆ ಏಳಕ್ಕೆ ಹೆಡ್ ಆಫೀಸಿಗೆ ಹೋಗುತ್ತದೆ, ಅವರ ಒದ್ದಾಟ ಅದಕ್ಕೆ. ಮಳೆ ಜೋರಾಗಿ ಸುರಿಯುತ್ತಿತ್ತು, ಟ್ರಯಲ್‌ಗೆ ಇದಕ್ಕಿಂತ ಒಳ್ಳೆಯ ಹೊತ್ತು ಸಿಗುವುದಿಲ್ಲ ಎಂದು ಹೇಳಿ ಹೆಲ್ಪರ್ ಹುಡುಗನನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೊರಟೆ. ಮುಂದಿನ ಸೀಟಿನ ತುಂಬ ಟೂಲ್ಸ್ ಇದ್ದವು.

ಸಂತೆಕಟ್ಟೆ ದಾಟುವವರೆಗೆ ಏನೂ ಇಲ್ಲ. ಎಸಿ ಆನ್, ಹೆಡ್‌ಲೈಟ್ ಆನ್, ವೈಪರ್ ಫುಲ್. ಹಿಂದಿನ ಗ್ಲಾಸ್ ಮಂಜಾಗಿ ಕಾಣದೆ, ಅದನ್ನು ಬಿಸಿ ಮಾಡುವ ಡಿಫಾಗರ್ ಒತ್ತಿದೆ. ಕಲ್ಯಾಣಪುರ ಸೇತುವೆ ಮೇಲೆ ಮುಂದಿನ ಲಾರಿ ಬ್ರೇಕ್ ಹಿಡಿಯಿತು, ನಾನೂ ಹಿಡಿದೆ. ಇಂಜಿನ್ ಒಂದು ಸಲ ಜಗ್ಗಿತು, ಇನ್ನೊಂದು ಸಲ ಜಗ್ಗಿ ನಿಂತೇ ಹೋಯಿತು. ಸ್ಟೀರಿಂಗ್ ಕಲ್ಲಾಯಿತು.

ರಾಷ್ಟ್ರೀಯ ಹೆದ್ದಾರಿ 66ರಲ್ಲಿ ರಾತ್ರಿ, ಮಳೆಯಲ್ಲಿ, ಸೇತುವೆ ಮೇಲೆ ನಿಂತ ಗಾಡಿಯೊಳಗೆ ಕೂರುವುದು ಏನೆಂದು ಈ ಕಡೆಯವರಿಗೆ ಹೇಳಬೇಕಾಗಿಲ್ಲ. ಎಕ್ಸ್‌ಪ್ರೆಸ್ ಬಸ್ಸುಗಳು ಯಾವ ವೇಗದಲ್ಲಿ ಬರುತ್ತವೆ ಎಂದು ಎಲ್ಲರಿಗೂ ಗೊತ್ತು. ಹಝಾರ್ಡ್ ಹಾಕಿದೆ, ಬ್ರೇಕ್ ಒತ್ತಿಯೇ ಹಿಡಿದು ಸೆಲ್ಫ್ ಹೊಡೆದೆ. ಇಂಜಿನ್ ತಿರುಗುತ್ತದೆ, ಹತ್ತುವುದಿಲ್ಲ. ಇನ್ನೊಮ್ಮೆ. ಇಲ್ಲ. ಹೊಸ ಕಾಯಿಲ್, ಹೊಸ ಪ್ಲಗ್, ಅದೇ ಹಳೆ ರೋಗ. ಮನಸ್ಸಿನಲ್ಲಿ ಓಡುತ್ತಿದ್ದದ್ದು ಇಂಜಿನ್ ವಿಷಯವೂ ಅಲ್ಲ, ಫ್ಲೋರ್ ಮ್ಯಾನೇಜರ್ ಮುಖ.

ಕೀ ಪೂರ್ತಿ ಆಫ್ ಮಾಡಿ ಮತ್ತೆ ಆನ್ ಮಾಡಿದೆ. ಕೀ ಆನ್ ಆದಾಗ ಪಂಪ್ ಎರಡು ಸೆಕೆಂಡ್ ಓಡಿ ಲೈನ್ ತುಂಬಿಸುತ್ತದಲ್ಲ, ಆ ಕುಂಯ್ ಶಬ್ದ ಬಂತು. ಆದರೆ ಒಂದೇ ಸಮನೆ ಬರಲಿಲ್ಲ. ಏರಿತು, ಕುಗ್ಗಿತು, ಏರಿತು. ಹಿಂದಿನ ಸೀಟಿನ ಅಡಿಯಲ್ಲಿರುವ ಪಂಪ್ ಮೇಲೆಯೇ ಕೂತಿದ್ದ ಹುಡುಗ "ಅಣ್ಣ, ಇದೆಂತ ಇದು ಇಂಡಿಕೇಟರ್ ಜೊತೆ ಹಾಡ್ತಾ ಉಂಟು?" ಅಂದ. ಮತ್ತೆ ಆಫ್, ಮತ್ತೆ ಆನ್. ಹೌದು. ಹಝಾರ್ಡ್ ಟಿಕ್ ಎಂದು ಹತ್ತಿದಾಗೆಲ್ಲ ಪಂಪ್ ದನಿ ಬೀಳುತ್ತದೆ, ಆರಿದಾಗ ಏಳುತ್ತದೆ. ಹಝಾರ್ಡ್ ಆಫ್ ಮಾಡಿ, ಬ್ರೇಕಿನಿಂದ ಕಾಲು ತೆಗೆದು ಕೀ ತಿರುಗಿಸಿದೆ. ದನಿ ನೆಟ್ಟಗೆ ಬಂತು. ಖಾತ್ರಿ ಮಾಡಿಕೊಳ್ಳಲು ಹಝಾರ್ಡ್ ಹಾಕಿ ತೆಗೆದು ನೋಡುತ್ತಾ ಕೂತೆ. ಹಿಂದಿನಿಂದ ಹುಡುಗ ಕಿರುಚಿದ: "ಅಣ್ಣ, ಬಸ್ ಬರ್ತಾ ಉಂಟು! ಲೈಟ್ ಆಫ್ ಮಾಡಿ ಎಂತ ಆಟ ನಿಮ್ದು!" ಹಝಾರ್ಡ್ ಇಲ್ಲದೆ ಸೆಲ್ಫ್ ಹೊಡೆದೆ, ಒಂದೇ ಏಟಿಗೆ ಹತ್ತಿತು. ಬಸ್ಸು ಉದ್ದಕ್ಕೆ ಹಾರ್ನ್ ಹೊಡೆದು ಪಕ್ಕದಿಂದ ಹೋಯಿತು.

ಮಳೆಗೂ ಈ ರೋಗಕ್ಕೂ ನೀರಿನ ಸಂಬಂಧ ಇರಲೇ ಇಲ್ಲ. ಮಳೆ ಬಂದಾಗ ಡ್ರೈವರ್ ಡಿಫಾಗರ್ ಹಾಕುತ್ತಾನೆ, ಲೈಟ್ ಹಾಕುತ್ತಾನೆ, ಬ್ರೇಕ್ ಹೆಚ್ಚು ಒತ್ತುತ್ತಾನೆ. ಹಿಂಭಾಗದ ಈ ಲೋಡ್‌ಗಳ ಜೊತೆ ಪಂಪ್ ಕೂಡ ಒಂದೇ ಅರ್ತ್, ಅಂದರೆ ಕರೆಂಟ್ ಬಾಡಿ ಮೂಲಕ ಬ್ಯಾಟರಿಗೆ ವಾಪಸ್ ಹೋಗುವ ದಾರಿ, ಹಂಚಿಕೊಂಡಿದೆ, ಆ ಅರ್ತ್ ಸತ್ತಿದೆ. ಗಾಡಿ ನಿಂತ ಮೇಲೆ ಕೀ ಆಫ್ ಮಾಡಿದರೆ ಡಿಫಾಗರ್ ತಾನಾಗಿ ಆಫ್ ಆಗುತ್ತದೆ, ಸ್ವಲ್ಪ ಹೊತ್ತು ಬಿಟ್ಟು ಹೊಡೆದರೆ ಹತ್ತುತ್ತದೆ. ಕಾರ್ಡ್‌ನಲ್ಲಿ ಬರೆದ ಎರಡೂ ವಾಕ್ಯ ಸರಿಯಾಗಿಯೇ ಇದ್ದವು. ಬೇಯಲ್ಲಿ ಗೇಜ್ 3 ಬಾರ್ ತೋರಿಸಿದ್ದೂ ಸರಿಯೇ, ಆಗ ಹಿಂದಿನ ಒಂದು ಬಲ್ಬ್ ಕೂಡ ಉರಿಯುತ್ತಿರಲಿಲ್ಲ.

ಗ್ಯಾರೇಜಿಗೆ ವಾಪಸ್ ಬಂದು ಮೊದಲು ಮಾಡಿದ್ದು ಹಿಂದೆ ನಿಂತು ಹುಡುಗನಿಗೆ ಬ್ರೇಕ್ ಒತ್ತಲು ಹೇಳಿದ್ದು. ಬ್ರೇಕ್ ಲೈಟ್ ಮಂಕಾಗಿ ಹತ್ತಿತು, ಜೊತೆಗೆ ಇಂಡಿಕೇಟರ್ ಬಲ್ಬಿನ ತಂತಿಯೂ ಕೆಂಪಗಾಯಿತು. ಕರೆಂಟ್ ವಾಪಸ್ ಹೋಗಲು ದಾರಿ ಸಿಗದೆ ಪಕ್ಕದ ಬಲ್ಬಿನೊಳಗೆ ನುಗ್ಗುತ್ತಿದೆ ಎಂದರ್ಥ. ಗಾಡಿ ಒಳಗೆ ತೆಗೆದುಕೊಳ್ಳುವ ಮೊದಲು ಒಂದು ಸುತ್ತು ಬಂದು ಲೈಟ್ ನೋಡಿದ್ದರೆ ಕಾಯಿಲ್ ಪೆಟ್ಟಿಗೆ ಒಡೆಯುವ ಪ್ರಶ್ನೆಯೇ ಬರುತ್ತಿರಲಿಲ್ಲ.

ಹುಡುಗ ಆಗಲೇ ಮೀಟರ್ ಬೀಪ್‌ಗೆ ಇಟ್ಟು ಪಂಪ್ ಅರ್ತ್ ನೋಡಿದ್ದ. "ಅಣ್ಣ, ಓಕೆ ಉಂಟು, ಬೀಪ್ ಬರ್ತದೆ." ಬೀಪ್ ಬಂದೇ ಬರುತ್ತದೆ. ವೈರ್‌ನ ಒಂದೇ ಎಳೆ ಉಳಿದಿದ್ದರೂ ಬರುತ್ತದೆ, ಯಾಕೆಂದರೆ ಮೀಟರ್ ಕಳಿಸುವ ಕರೆಂಟ್ ಮಿಲಿ ಆಂಪ್ ಲೆಕ್ಕದ್ದು. ಆ ಜಾಯಿಂಟ್ ಹೊರಬೇಕಾದ್ದು ಪಂಪ್‌ನ 5 ಆಂಪ್ ಸುಮಾರು, 21 ವ್ಯಾಟಿನ ಎರಡು ಬ್ರೇಕ್ ಬಲ್ಬ್ ಸೇರಿ ಮೂರೂವರೆ, ಅದರ ಮೇಲೆ ಹತ್ತಕ್ಕೂ ಹೆಚ್ಚು ಎಳೆಯುವ ಡಿಫಾಗರ್. ಹಾಗಾಗಿ ಲೋಡ್ ಹಾಕಿಯೇ ನೋಡಬೇಕು. ಮೀಟರ್ ಡಿಸಿ ವೋಲ್ಟ್‌ನಲ್ಲಿಟ್ಟು ಒಂದು ಪ್ರೋಬ್‌ಗೆ ಉದ್ದ ವೈರ್ ಕಟ್ಟಿ ಬ್ಯಾಟರಿ ಮೈನಸ್‌ಗೆ, ಇನ್ನೊಂದನ್ನು ಪಂಪಿನ ವೈರ್ ಜೋಡಿಸುವ ಕಪ್ಲರ್‌ನ ಹಿಂಬದಿಯಿಂದ ಕಪ್ಪು ವೈರಿನ ಪಿನ್‌ಗೆ. ವೈರಿಗೆ ಸೂಜಿ ಚುಚ್ಚಬೇಡಿ, ಆ ತೂತಿನಿಂದಲೇ ಮುಂದಿನ ವರ್ಷದ ಕಿಲುಬು ಶುರುವಾಗುತ್ತದೆ. ಇಂಜಿನ್ ಸ್ಟಾರ್ಟ್ ಮಾಡಿ ನೋಡಿದೆ. 0.1 ವೋಲ್ಟ್ ಒಳಗಿರಬೇಕಾದ ಜಾಗದಲ್ಲಿ ಪಂಪ್ ಒಂದೇ ಓಡುವಾಗ 1 ಚಿಲ್ಲರೆ. ಡಿಫಾಗರ್ ಹಾಕಿ ಬ್ರೇಕ್ ಒತ್ತಿದಾಗ 4 ದಾಟಿತು. ಅಂದರೆ ಪಂಪ್‌ಗೆ ಸಿಗುತ್ತಿದ್ದದ್ದು 10 ವೋಲ್ಟ್‌ಗೂ ಕಡಿಮೆ. ನೋಡುತ್ತಿದ್ದ ಹಾಗೆಯೇ ಇಂಜಿನ್ ಜಗ್ಗಿತು.

ಹಿಂದಿನ ಸೀಟ್ ಎತ್ತಿ ಕಾರ್ಪೆಟ್ ಸರಿಸಿದರೆ ವಾಸನೆಯೇ ಅರ್ಧ ಕಥೆ ಹೇಳಿತು. ಡಿಕ್ಕಿಯಲ್ಲಿ ಸೀಸನ್ ಉದ್ದಕ್ಕೂ ಥರ್ಮಾಕೋಲ್ ಪೆಟ್ಟಿಗೆ, ಐಸು, ಬಂಗುಡೆ. ಕರಗಿದ ಉಪ್ಪುನೀರು ಕಾರ್ಪೆಟ್ ಅಡಿಯಿಂದ ಹರಿದು ಸೀಟಿನ ಕೆಳಗಿನ ತಗ್ಗಿಗೆ ಬಂದು ನಿಂತಿದೆ. ಆ ತಗ್ಗಿನಲ್ಲಿಯೇ ಕಂಪನಿಯವರು ಅರ್ತ್ ಜಾಯಿಂಟ್ ಕಪ್ಲರ್ ಮಲಗಿಸಿದ್ದಾರೆ, ಅದೂ ಬಾಯಿ ಮೇಲೆ ಮಾಡಿ, ರಬ್ಬರ್ ಸೀಲ್ ಇಲ್ಲದೆ. ಬೆಂಗಳೂರಿನ ಗಾಡಿಗೆ ಅದು ಆಯುಷ್ಯಪೂರ್ತಿ ಬಾಳಬಹುದು. ಕಪ್ಲರ್ ಒಂದು ಬದಿ ಕಂದಾಗಿ ಉಬ್ಬಿತ್ತು, ಬಿಚ್ಚಲು ಕೈಗೆ ಬರಲಿಲ್ಲ. ಬಿಡಿಸಿದಾಗ ಒಳಗೆ ಹಸಿರು ಹಿಟ್ಟು. ಬಾಡಿಗೆ ಹೋಗುವ ದಪ್ಪ ಕಪ್ಪು ವೈರಿನ ಪಿನ್ ಮುಟ್ಟಿದ ಕೂಡಲೇ ತುಂಡಾಯಿತು.

ಅಷ್ಟರಲ್ಲಿ ಹುಡುಗ ಡಬ್ಲ್ಯುಡಿ-40 ಡಬ್ಬ ಹಿಡಿದು ಬಂದಿದ್ದ. ಅದು ನಮ್ಮ ಗ್ಯಾರೇಜಿನ ತೀರ್ಥ, ಎಲ್ಲದಕ್ಕೂ ಪ್ರೋಕ್ಷಣೆ. ಕಿಲುಬು ಒದ್ದೆಯಾಗಿ ಕಣ್ಣಿಗೆ ಮಾಯವಾಗುತ್ತದೆ ಅಷ್ಟೇ, ಉಪ್ಪು ಅಲ್ಲೇ ಇರುತ್ತದೆ. ಇನ್ನು ಕೆಲವರು ಎಮರಿ ಪೇಪರ್ ಹಾಕಿ ಪಿನ್ ತಿಕ್ಕಿ ಫಳಫಳ ಮಾಡುತ್ತಾರೆ. ಪಿನ್ ಮೇಲಿನ ತವರದ ಲೇಪ ಹೋಗಿ ಬರೀ ಹಿತ್ತಾಳೆಯೋ ತಾಮ್ರವೋ ಉಳಿಯುತ್ತದೆ, ಈ ಊರಿನ ಗಾಳಿಗೆ ಅದು ಮೊದಲಿಗಿಂತ ಬೇಗ ಹಸಿರಾಗುತ್ತದೆ. ಬಿಸಿಯಾದ ಹೆಣ್ಣು ಪಿನ್ ಅಂತೂ ಹಿಡಿತವನ್ನೇ ಬಿಟ್ಟಿರುತ್ತದೆ. ಬಿಡಿ ಗಂಡು ಪಿನ್ ಒಂದನ್ನು ತೂರಿಸಿ ಎಳೆದು ನೋಡಿದರೆ ಗೊತ್ತಾಗುತ್ತದೆ. ಸಡಿಲ ಬಂದರೆ ತಿಕ್ಕಿ ಪ್ರಯೋಜನ ಇಲ್ಲ.

ವೈರ್ ಕತ್ತರಿಸುತ್ತಾ ಹೋದೆ. ಇನ್ಸುಲೇಶನ್ ಒಳಗೆ ತಾಮ್ರದ ಎಳೆಗಳು ಕಪ್ಪು. ನೀರು ಎಳೆಗಳ ನಡುವೆ ತಾನಾಗಿ ಹೀರಿಕೊಂಡು ಮೇಲೆ ಹತ್ತಿರುತ್ತದೆ. ಸುಮಾರು ಒಂದು ಗೇಣು ಹಿಂದೆ ಹೋದ ಮೇಲೆ ಹೊಳೆಯುವ ತಾಮ್ರ ಸಿಕ್ಕಿತು. ಅಲ್ಲಿಂದ ಹೊಸ ವೈರ್, ಸರಿಯಾದ ಸೈಜಿನ ಸ್ಲೀವ್ ಹಾಕಿ ಒತ್ತಿ ಕ್ರಿಂಪ್, ಮೇಲೆ ಬಿಸಿಗೆ ಕುಗ್ಗಿ ಹಿಡಿಯುವ, ಅಂಟು ಇರುವ ಹೀಟ್ ಶ್ರಿಂಕ್ ಕೊಳವೆ. ಬೆಸುಗೆ ಹಾಕಲಿಲ್ಲ. ಬೆಸುಗೆ ಮುಗಿಯುವ ಜಾಗದಲ್ಲಿ ವೈರ್ ಗಟ್ಟಿಯಾಗಿ ಅದುರಾಟಕ್ಕೆ ಅಲ್ಲೇ ಮುರಿಯುತ್ತದೆ. ಪಂಪ್‌ನ ಅರ್ತನ್ನು ಈ ಗುಂಪಿನಿಂದ ಬಿಡಿಸಿ ಅದಕ್ಕೇ ಬೇರೆ ರಿಂಗ್ ಟರ್ಮಿನಲ್, ಬೇರೆ ಬೋಲ್ಟ್. ಉಳಿದವನ್ನು ಕಪ್ಲರ್ ಇಲ್ಲದೆ ನೇರ ಹಳೆ ಬೋಲ್ಟಿಗೆ, ಪೇಂಟ್ ಕೆರೆದು ಬಿಗಿ ಮಾಡಿ, ಬಿಗಿ ಮಾಡಿದ ಮೇಲೆ ಗ್ರೀಸ್. ಅಕ್ಕಪಕ್ಕದ ಕಪ್ಲರ್‌ಗಳಲ್ಲಿ ಇದ್ದ ಉಪ್ಪನ್ನು ಡಿಸ್ಟಿಲ್ಡ್ ವಾಟರ್‌ನಲ್ಲಿ ತೊಳೆದು ಏರ್ ಹೊಡೆದು ಒಣಗಿಸಿ, ಆಮೇಲೆ ಕಾಂಟ್ಯಾಕ್ಟ್ ಕ್ಲೀನರ್. ಮತ್ತೆ ಮೀಟರ್ ಇಟ್ಟು ಎಲ್ಲ ಲೋಡ್ ಹಾಕಿದಾಗ 0.06.

ಫ್ಲೋರ್ ಮ್ಯಾನೇಜರ್ ಮನೆಗೆ ಹೋಗದೆ ಕಾದಿದ್ದರು, ಅದನ್ನು ಹೇಳಲೇಬೇಕು. ಆದರೆ ಅವರು ಕಾದದ್ದು ಪಾರ್ಟ್ ನಂಬರ್‌ಗೆ. ಸಿಸ್ಟಮ್‌ನಲ್ಲಿ ಆ ಕಪ್ಲರ್ ಬಿಡಿಯಾಗಿ ಇಲ್ಲ, ಫ್ಲೋರ್ ಹಾರ್ನೆಸ್, ಅಂದರೆ ಗಾಡಿಯ ನೆಲದ ಉದ್ದಕ್ಕೂ ಹೋಗುವ ವೈರುಗಳ ಕಟ್ಟು, ಇಡೀ ಸೆಟ್ ತರಿಸಬೇಕು. "ಹಾರ್ನೆಸ್ ಕೋಟ್ ಮಾಡಿ, ಅಲ್ಲಿವರೆಗೆ ಪಂಪ್ ಇನ್ನೊಂದು ಹಾಕಿ ಕಳಿಸುವ" ಅಂದರು. ಮೀಟರ್ ತೋರಿಸಿದೆ. "ಅದನ್ನು ಬಿಲ್ಲಿಗೆ ಹೇಗೆ ಹಾಕುವುದು?" ಅಂದರು. ಪ್ರಶ್ನೆ ತಮಾಷೆಗೆ ಕೇಳಿದ್ದಲ್ಲ. ನಮ್ಮ ಲೇಬರ್ ಶೆಡ್ಯೂಲ್‌ನಲ್ಲಿ ಪಂಪ್ ಬದಲಿಸಲು ಕೋಡ್ ಇದೆ, ಕಾಯಿಲ್‌ಗೆ ಇದೆ, ಹಾರ್ನೆಸ್‌ಗೆ ಇದೆ. ಎಲೆಕ್ಟ್ರಿಕಲ್ ಫಾಲ್ಟ್ ಹುಡುಕಲು ಇರುವುದು "ಜನರಲ್ ಚೆಕ್‌ಅಪ್", ಅರ್ಧ ಗಂಟೆ. ಹುಡುಕಿದವನಿಗೆ ಅರ್ಧ ಗಂಟೆ, ತಪ್ಪು ಪಾರ್ಟ್ ಹಾಕಿದವನಿಗೆ ಇನ್ಸೆಂಟಿವ್. ಹೀಗಿದ್ದರೆ ಹೊಸ ಹುಡುಗರು ಮೀಟರ್ ಯಾಕೆ ಹಿಡಿಯುತ್ತಾರೆ?

ಬೆಳಿಗ್ಗೆ ಗಾಡಿ ಮೈಸೂರಿಗೆ ಹೋಯಿತು, ಘಾಟಿಯಲ್ಲಿ ಮಳೆಯಿತ್ತಂತೆ, ಎಲ್ಲೂ ನಿಲ್ಲಲಿಲ್ಲ. ಕಾರ್ಪೆಟ್ ತೆಗೆದು ಫ್ಲೋರ್ ತೊಳೆಸಲು ಗಿರಾಕಿ ವಾಪಸ್ ಬಂದಾಗ ಬಿಲ್ ಹಿಡಿದು ಕೂತರು. "ತುಂಡು ವೈರ್ ಹಾಕಿದ್ದಕ್ಕೆ ಇಷ್ಟಾ? ಅಲ್ಲಿ ಪಂಪ್ ಆದ್ರೂ ಕೊಟ್ಟಿದ್ರು." ತುಂಡಾದ ಹಸಿರು ಪಿನ್ ಕವರಿನಲ್ಲಿಟ್ಟು ಕೊಟ್ಟೆ. ಅದನ್ನು ನೋಡಿದ ಮೇಲೆ ಲೇಬರ್ ಬಗ್ಗೆ ಮಾತಾಡಲಿಲ್ಲ. ಕಾಯಿಲ್ ದುಡ್ಡು ಮಾತ್ರ ಕೊಡುವುದಿಲ್ಲ ಎಂದರು, ಅದರಲ್ಲಿ ತಪ್ಪೇನೂ ಇರಲಿಲ್ಲ. ಹಳೆಯ ನಾಲ್ಕನ್ನೂ ತಿರುಗಿ ಹಾಕಿದೆ, ಬೂಟ್ ಕೆಟ್ಟಿದ್ದ ಒಂದಕ್ಕೆ ಬರೀ ಬೂಟ್ ಬದಲಿಸಿ. ಡಿಕ್ಕಿಗೆ ಅಂಚು ಎತ್ತರದ ಪ್ಲಾಸ್ಟಿಕ್ ಟ್ರೇ ಹಾಕಿಸಿ, ಆಗಸ್ಟ್‌ನಲ್ಲಿ ಬೋಟ್ ಇಳಿದ ಮೇಲೆ ಪೆಟ್ಟಿಗೆ ಅದರಲ್ಲೇ ಇಡಿ ಎಂದೆ. "ನೋಡುವ" ಅಂದರು. ಪೆಟ್ಟಿ ಒಡೆದ ಹೊಸ ಕಾಯಿಲ್ ಸೆಟ್ಟನ್ನು ಸ್ಟೋರ್‌ನವರು ರಿಟರ್ನ್ ತೆಗೆದುಕೊಳ್ಳುತ್ತಿಲ್ಲ. ಅಕೌಂಟ್ಸ್‌ನಿಂದ ಪ್ರತಿ ತಿಂಗಳು ಅದರ ಬಗ್ಗೆ ನನಗೊಂದು ಮೇಲ್ ಬರುತ್ತದೆ.