ಫೋನಿನ ಬೆನ್ನಿಗೂ ನೆರಳು ಬೇಕು: ರಣಬಿಸಿಲಲ್ಲಿ ಕಾರಿನ ಮ್ಯಾಪು

ಏಪ್ರಿಲ್ ಬಂತೆಂದರೆ ನಮ್ಮ ರಾಯಚೂರು-ಬಳ್ಳಾರಿ ಕಡೆ ಸರ್ಕಾರಿ ಆಫೀಸುಗಳೇ ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1:30ಕ್ಕೆ ಬಾಗಿಲು ಹಾಕಿಕೊಳ್ಳುತ್ತವೆ. ಕಾರಿನ ಡ್ಯಾಶ್‌ಬೋರ್ಡ್ ಮೇಲೆ ನಿಂತು ದಾರಿ ತೋರಿಸುವ ಫೋನಿಗೆ ಮಾತ್ರ ಆ ರಿಯಾಯಿತಿ ಇಲ್ಲ. ರಾಯಚೂರು ಬಿಟ್ಟು ಸಿಂಧನೂರು ದಾಟುವ ಹೊತ್ತಿಗೆ ಸ್ಕ್ರೀನ್ ತಾನಾಗಿಯೇ ಮಂಕಾಗುತ್ತದೆ. ಸಿರುಗುಪ್ಪ ಬರುವಷ್ಟರಲ್ಲಿ ವೈರ್ ಚುಚ್ಚಿದ್ದರೂ ಚಾರ್ಜ್ ಏರುವುದಿಲ್ಲ. ಕೊನೆಗೆ ‘ಫೋನ್ ತಣ್ಣಗಾಗಬೇಕು’ ಎಂಬ ಬರಹ ಬಂದು ಮ್ಯಾಪೇ ಮಾಯ. ಮರುದಿನ ಮೊಬೈಲ್ ಅಂಗಡಿಗೆ ಹೋಗಿ ಬ್ಯಾಟರಿ ಬದಲಿಸುವವರು ಬಹಳ. ಬ್ಯಾಟರಿಯ ತಪ್ಪೇನೂ ಇರುವುದಿಲ್ಲ, ಫೋನು ನಿಲ್ಲಿಸಿದ ಜಾಗವೇ ತಪ್ಪು.

ಐಫೋನನ್ನು 0ಯಿಂದ 35 ಡಿಗ್ರಿ ಸೆಲ್ಸಿಯಸ್ ವಾತಾವರಣದಲ್ಲಿ ಬಳಸಿ ಎಂದು ಆಪಲ್ ಕಂಪನಿ ಹೇಳುತ್ತದೆ. ಆಫ್ ಮಾಡಿ ಎತ್ತಿಡುವುದಕ್ಕೆ 45ರವರೆಗೆ ಅಡ್ಡಿಯಿಲ್ಲ. ನಮ್ಮಲ್ಲಿ ಹೊರಗಿನ ಗಾಳಿಯೇ 40 ದಾಟುವುದು ದೊಡ್ಡ ಸುದ್ದಿಯಲ್ಲ. ಆದರೆ ಎಸಿ ಹಾಕಿದ ಕಾರಿನೊಳಗೆ ಗಾಳಿ 26-27ರಲ್ಲಿ ಇರುತ್ತದೆ. ಒಳಗೆ ಕೂತವರು ತಣ್ಣಗಿದ್ದರೂ ಫೋನ್ ಯಾಕೆ ಕೆಂಡವಾಗುತ್ತದೆ? ಗಾಳಿಯ ಬಿಸಿ ಬೇರೆ, ನೇರ ಬಿಸಿಲು ಬೇರೆ. ಒಂದು ಸಣ್ಣ ಲೆಕ್ಕ ಹಾಕಿದರೆ ಇದು ಅರ್ಥವಾಗುತ್ತದೆ.

ನಡುಮಧ್ಯಾಹ್ನದ ಬಿಸಿಲು ಒಂದು ಚದರ ಮೀಟರಿಗೆ ಸುಮಾರು 1000 ವ್ಯಾಟ್ ಸುರಿಯುತ್ತದೆ. 16 ಸೆಂಟಿಮೀಟರ್ ಉದ್ದ, 7.5 ಸೆಂಟಿಮೀಟರ್ ಅಗಲದ ಫೋನಿನ ಬೆನ್ನು 120 ಚದರ ಸೆಂಟಿಮೀಟರ್. ಅಂದರೆ ಅದರ ಪಾಲಿಗೆ 12 ವ್ಯಾಟ್. ಮುಂದಿನ ಗಾಜು ಅರ್ಧದಷ್ಟು ತಡೆಯಿತು, ಬಿಸಿಲು ಸ್ವಲ್ಪ ಓರೆಯಾಗಿ ಬಿತ್ತು ಎಂದು ಕಳೆದರೂ 4-5 ವ್ಯಾಟ್ ಉಳಿಯುತ್ತದೆ. ಮ್ಯಾಪ್ ಓಡಿಸುವಾಗ ಸ್ಕ್ರೀನು, ಪ್ರೊಸೆಸರು, ಜಿಪಿಎಸ್ಸು, ನೆಟ್‌ವರ್ಕು ಎಲ್ಲ ಸೇರಿ ಫೋನು ತಾನಾಗಿ ಹುಟ್ಟಿಸುವ ಬಿಸಿ ಅಂದಾಜು 3 ವ್ಯಾಟ್. ಹೊರಗಿನಿಂದ ಬಂದ ಬಿಸಿಯೇ ಹೆಚ್ಚಾಯಿತು! ಮೇಲಾಗಿ ಕಪ್ಪು ಬ್ಯಾಕ್ ಕವರ್ ಹಾಕಿದ್ದರೆ ಬಿದ್ದದ್ದನ್ನೆಲ್ಲ ಕುಡಿಯುತ್ತದೆ, ಒಳಗಿನದನ್ನು ಹೊರಗೆ ಬಿಡುವುದಿಲ್ಲ. ಹೀಗಾಗಿ ಬ್ಯಾಕ್‌ಗ್ರೌಂಡ್ ಆ್ಯಪ್ ಮುಚ್ಚುವುದು, ‘ಕೂಲರ್’ ಹೆಸರಿನ ಆ್ಯಪ್ ಹಾಕುವುದು ಇವೆಲ್ಲ ಕಾಳಷ್ಟೂ ಉಪಯೋಗಕ್ಕೆ ಬರುವುದಿಲ್ಲ. ಮೊದಲು ಬೆನ್ನಿಗೆ ನೆರಳು ಮಾಡಬೇಕು.

ಬಿಸಿಲು ಯಾವ ಕಡೆಯಿಂದ ಬೀಳುತ್ತದೆ ಎಂಬುದು ಹೋಗುವ ದಿಕ್ಕಿನ ಮೇಲಿದೆ. ಮಧ್ಯಾಹ್ನ ಮೂರಕ್ಕೆ ಬಳ್ಳಾರಿಯಿಂದ ಹೊಸಪೇಟೆಗೆ ಹೊರಟರೆ ಮುಖ ಪಶ್ಚಿಮಕ್ಕೆ. ಫೋನಿನ ಸ್ಕ್ರೀನ್ ನಿಮ್ಮ ಕಡೆ, ಬೆನ್ನು ಗಾಜಿನ ಕಡೆ, ಸೂರ್ಯ ಗಾಜಿನ ಆಚೆ. ಪೂರ್ತಿ ಹೊಡೆತ ಬೆನ್ನಿಗೇ. ಅದೇ ಹೊತ್ತಿಗೆ ಹೊಸಪೇಟೆಯಿಂದ ಬಳ್ಳಾರಿಗೆ ಬರುವವರಿಗೆ ಕಾರಿನ ಮೇಲ್ಛಾವಣಿಯೇ ನೆರಳು ಕೊಡುತ್ತದೆ. ಅವರ ತೊಂದರೆ ಸ್ಕ್ರೀನ್ ಹೊಳೆದು ಕಾಣದಿರುವುದು ಮಾತ್ರ. ಸಿಂಧನೂರಿನಿಂದ ಬಳ್ಳಾರಿಗೆ ದಾರಿ ಹೆಚ್ಚುಕಡಿಮೆ ದಕ್ಷಿಣಕ್ಕಿದೆ. ಹಾಗಾಗಿ ಇಳಿಹೊತ್ತಿನ ಬಿಸಿಲು ಡ್ರೈವರ್ ಬಾಗಿಲ ಗಾಜಿನಿಂದ ಒಳಗೆ ಬರುತ್ತದೆ. ಸ್ಟೇರಿಂಗ್ ಬಲಕ್ಕಿರುವ ಮೂಲೆಯ ಎಸಿ ವೆಂಟಿಗೆ, ಅಂದರೆ ಗಾಳಿ ಬರುವ ಕಿಂಡಿಗೆ, ಫೋನ್ ಸಿಕ್ಕಿಸಿದವರು ಆ ದಾರಿಯಲ್ಲಿ ಕೆಟ್ಟರು. ನಡುವಿನ ವೆಂಟಿನಲ್ಲಿದ್ದರೆ ಓಡಿಸುವವರ ಮೈನೆರಳೇ ಅದರ ಮೇಲೆ ಬೀಳುತ್ತದೆ. ಇನ್ನು ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರದವರೆಗೆ ನಮ್ಮ ಅಕ್ಷಾಂಶಕ್ಕೆ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೇ ಇರುತ್ತಾನೆ. ಆಗ ಯಾವ ದಿಕ್ಕಿಗೆ ಹೋದರೂ ಅಷ್ಟೇ, ಓರೆಗಾಜಿನ ಕೆಳಗಿನ ಡ್ಯಾಶ್‌ಬೋರ್ಡ್ ಮೇಲ್ಭಾಗ ಇಡೀ ಹಂಚಿನಂತೆ ಕಾಯುತ್ತದೆ.

ಆದ್ದರಿಂದ ಗಾಜಿಗೆ ಅಂಟುವ ಹೋಲ್ಡರ್ ನಮ್ಮ ಬಿಸಿಲ ಸೀಮೆಗೆ ಹೊಂದುವ ವಸ್ತುವಲ್ಲ. ನಡುವಿನ ಎಸಿ ವೆಂಟಿಗೆ ಸಿಕ್ಕಿಸುವ ಕ್ಲಿಪ್ ಹೋಲ್ಡರೇ ಒಳ್ಳೆಯದು: ಜಾಗ ತಗ್ಗಿನಲ್ಲಿದೆ, ಬೆನ್ನಿಗೆ ನೇರ ತಂಗಾಳಿ. ಚಳಿಗಾಲದಲ್ಲಿ ಹೀಟರ್ ಹಾಕಿದರೆ ಫೋನ್ ಬಿಸಿಯಾಗುತ್ತದೆ ಎಂದು ಈ ಹೋಲ್ಡರಿಗೆ ಹೆದರಿಸುವವರಿದ್ದಾರೆ. ಬಳ್ಳಾರಿಯಲ್ಲಿ ಎಸಿ ನಾಬಿನ ಕೆಂಪು ಭಾಗ ಯಾತಕ್ಕಿದೆ ಎಂದೇ ಬಹಳ ಜನಕ್ಕೆ ಗೊತ್ತಿಲ್ಲ, ಆ ಮಾತು ಬಿಡಿ. ನಿಜವಾದ ತೊಂದರೆ ವೆಂಟಿನ ಪಟ್ಟಿಯದು. ಹಳೆಯ ಕಾರಿನ ಪ್ಲಾಸ್ಟಿಕ್ ಪಟ್ಟಿ ಬಿಸಿಲಿಗೆ ಪೆಡಸಾಗಿರುತ್ತದೆ, 200 ಗ್ರಾಂ ಫೋನಿನ ಭಾರಕ್ಕೆ ಬಾಗಿ ಒಂದು ದಿನ ಲಟಕ್ಕೆನ್ನುತ್ತದೆ. ಪಟ್ಟಿಯ ಹಿಂದೆ ಕೊಕ್ಕೆಯಂತೆ ಹಿಡಿದು, ಸ್ಕ್ರೂ ತಿರುಗಿಸಿ ಬಿಗಿ ಮಾಡುವ, ಕೆಳಗೆ ಒಂದು ಕಾಲು ಊರಿ ಭಾರ ಹೊರುವ ಬಗೆಯದನ್ನೇ ಕೊಳ್ಳಿ. ಬರೀ ಚಿಮಟಿಗೆಯ ಬಾಯಿಯಂಥದ್ದು ಬೇಡ. ದುಂಡನೆಯ ವೆಂಟಿರುವ ಕಾರಿಗೆ ಕ್ಲಿಪ್ ಹೋಲ್ಡರ್ ಸಾಮಾನ್ಯವಾಗಿ ಕೂರುವುದಿಲ್ಲ.

ಹಾಗಿದ್ದವರು, ಅಥವಾ ಡ್ಯಾಶ್‌ಬೋರ್ಡ್ ಮೇಲೆಯೇ ಇಡಬೇಕಾದವರು, ಒಂದು ಮರೆ ಮಾಡಿಕೊಳ್ಳಬೇಕು. ಬೇಸಿಗೆ ಎಂದರೆ ಮದುವೆ ಕಾಲ, ಮನೆಯಲ್ಲಿ ಲಗ್ನಪತ್ರಿಕೆಗೆ ಬರವಿಲ್ಲ. ದಪ್ಪ ರಟ್ಟಿನ, ಒಂದು ಮಗ್ಗಲು ಬಿಳಿಯಾಗಿರುವ ಪತ್ರಿಕೆ ಆರಿಸಿ 20 ಸೆಂಟಿಮೀಟರ್ ಉದ್ದ, 11 ಸೆಂಟಿಮೀಟರ್ ಅಗಲಕ್ಕೆ ಕತ್ತರಿಸಿ. ಫೋನಿಗಿಂತ ನಾಲ್ಕೂ ಕಡೆ ಒಂದೂವರೆ-ಎರಡು ಸೆಂಟಿಮೀಟರ್ ಹೊರಗೆ ಚಾಚಿರಲಿ. ಬಿಳಿ ಮಗ್ಗಲು ಗಾಜಿನ ಕಡೆ. ಹೋಲ್ಡರಿನ ಕುತ್ತಿಗೆಗೆ ಎರಡು ರಬ್ಬರ್ ಬ್ಯಾಂಡ್ ಹಾಕಿ ಅದನ್ನು ನಿಲ್ಲಿಸಿ, ಆದರೆ ರಟ್ಟಿಗೂ ಫೋನಿಗೂ ನಡುವೆ ಒಂದು ಬೆರಳು ಹೋಗುವಷ್ಟು ಸಂದು ಬಿಡಿ. ಈ ಸಂದೇ ಮುಖ್ಯ. ರಟ್ಟನ್ನು ಫೋನಿಗೆ ಅಂಟಿಸಿದರೆ ಅದು ಇನ್ನೊಂದು ಬ್ಯಾಕ್ ಕವರ್ ಆಯಿತು. ಸಂದಿದ್ದರೆ ಗಾಳಿ ಆಡುತ್ತದೆ. ಮಿರಮಿರ ಹೊಳೆಯುವ ಫಾಯಿಲ್ ಬೇಡ, ಅದರ ಬಿಂಬ ಗಾಜಿನ ಮೇಲೆ ಬಿದ್ದು ನಿಮ್ಮ ಕಣ್ಣಿಗೇ ಕುಕ್ಕುತ್ತದೆ. ರಟ್ಟು ರಸ್ತೆಯ ನೋಟಕ್ಕೆ ಅಡ್ಡ ಬರುವ ಎತ್ತರದಲ್ಲೂ ಇರಬಾರದು. ಎಡಗಡೆ ಏರ್‌ಬ್ಯಾಗ್ ಗುರುತಿರುವ ಮುಚ್ಚಳದ ಮೇಲಂತೂ ಹೋಲ್ಡರ್ ಕೂರಿಸಲೇಬೇಡಿ, ಏರ್‌ಬ್ಯಾಗ್ ಸಿಡಿದರೆ ಅದು ಕಲ್ಲಿನಂತೆ ಮುಖಕ್ಕೆ ಬರುತ್ತದೆ.

ಡ್ಯಾಶ್‌ಬೋರ್ಡ್ ಮೇಲಿರುವ ಫೋನಿಗೆ ತಂಗಾಳಿ ತಲುಪಿಸಲೂ ದಾರಿಯಿದೆ. ಎಸಿ ಗಾಳಿಯನ್ನು ಗಾಜಿನ ಕಡೆಗೆ ತಿರುಗಿಸಿ, ಮಳೆಗಾಲದಲ್ಲಿ ಮಂಜು ಒರೆಸಲು ಒತ್ತುವ ಅದೇ ಬಟನ್. ಐದು ನಿಮಿಷದಲ್ಲಿ ಫೋನಿನ ಬೆನ್ನು ಮುಟ್ಟಿದರೆ ವ್ಯತ್ಯಾಸ ತಿಳಿಯುತ್ತದೆ. ಕೆಲವು ಕಾರುಗಳಲ್ಲಿ ಆ ಬಟನ್ ಒತ್ತಿದೊಡನೆ ಹೊರಗಿನ ಗಾಳಿ ಎಳೆಯಲು ಶುರುವಾಗುತ್ತದೆ, ಆಗ ಒಳಗಾಳಿ ಸುತ್ತುವ ಬಟನ್ನನ್ನು ಮತ್ತೆ ಒತ್ತಬೇಕು. ಕೆಲವಲ್ಲಿ ಅದಕ್ಕೆ ಅವಕಾಶವೇ ಇಲ್ಲ. ಅಂಥ ಕಾರಿನಲ್ಲಿ 42 ಡಿಗ್ರಿಯ ಗಾಳಿ ಎಳೆದು ತಣಿಸುವುದು ಎಸಿಗೆ ಹೊರೆ, ಕಾಲು-ಗಾಜು ಎರಡಕ್ಕೂ ಹಂಚುವ ಮೋಡ್ ಇಟ್ಟುಕೊಳ್ಳಿ.

ಇನ್ನು ಚಾರ್ಜಿಂಗ್. ಲಿಥಿಯಂ-ಅಯಾನ್ ಬ್ಯಾಟರಿಯನ್ನು 45 ಡಿಗ್ರಿ ಮೀರಿದ ಬಿಸಿಯಲ್ಲಿ ಚಾರ್ಜ್ ಮಾಡಬಾರದು. ಅದಕ್ಕೇ ಫೋನು ಮೊದಲು ಕರೆಂಟ್ ಕಡಿಮೆ ಮಾಡುತ್ತದೆ, ಆಮೇಲೆ ಪೂರ್ತಿ ನಿಲ್ಲಿಸುತ್ತದೆ. ಜನ ವೈರ್ ಕೆಟ್ಟಿತೆಂದು ಹೊಸದು ಕೊಂಡು ಚುಚ್ಚುತ್ತಾರೆ, ಅದೂ ಏರುವುದಿಲ್ಲ. 20 ವ್ಯಾಟಿನ ಫಾಸ್ಟ್ ಚಾರ್ಜರ್ ಫೋನಿನೊಳಗೆ ಒಂದೂವರೆ-ಎರಡು ವ್ಯಾಟ್ ಹೆಚ್ಚುವರಿ ಬಿಸಿ ತುಂಬುತ್ತದೆ. ವೈರ್‌ಲೆಸ್ ಪ್ಯಾಡ್ ಇನ್ನೂ ಕೆಟ್ಟದ್ದು, ಬಿಸಿಯೆಲ್ಲ ಹುಟ್ಟುವುದು ಬ್ಯಾಟರಿಯ ಬೆನ್ನಿಗೇ. ಮ್ಯಾಗ್ನೆಟ್ ಹೋಲ್ಡರಿನಲ್ಲಿ ಚಾರ್ಜಿಂಗೂ ಇದ್ದರೆ ಬೇಸಿಗೆ ಮುಗಿಯುವವರೆಗೆ ಅದರ ವೈರ್ ಕಿತ್ತಿಡಿ.

ಅಷ್ಟಕ್ಕೂ ದಾರಿಯುದ್ದಕ್ಕೂ ಚಾರ್ಜಿಂಗ್ ಬೇಕೇ? 5000 ಎಂಎಎಚ್ ಬ್ಯಾಟರಿ ಎಂದರೆ ಸುಮಾರು 19 ವ್ಯಾಟ್-ಅವರ್. 3 ವ್ಯಾಟಿನ ಖರ್ಚಿಗೆ ಆರು ಗಂಟೆ ಬರುತ್ತದೆ. ರಾಯಚೂರಿನಿಂದ ಬಳ್ಳಾರಿಗೆ ದಾರಿ ಕೆಟ್ಟಿದ್ದರೂ ನಾಲ್ಕು ಗಂಟೆ. ಮನೆಯಲ್ಲಿ ನೆರಳಲ್ಲಿ 80-90 ಪರ್ಸೆಂಟ್ ಮಾಡಿಕೊಂಡು ಹೊರಟರೆ ನಡುಬಿಸಿಲಲ್ಲಿ ವೈರ್ ಮುಟ್ಟುವ ಪ್ರಮೇಯವೇ ಇಲ್ಲ. ಹಳೆಯ ಫೋನ್, ಸೊರಗಿದ ಬ್ಯಾಟರಿ ಆಗಿದ್ದರೆ 5 ವೋಲ್ಟ್, 1 ಆಂಪಿಯರಿನ ನಿಧಾನದ ಪೋರ್ಟ್ ಬಳಸಿ. ಮ್ಯಾಪು ತಿನ್ನುವಷ್ಟನ್ನು ಅದು ತುಂಬಿಕೊಡುತ್ತದೆ, ಅದಕ್ಕಿಂತ ಹೆಚ್ಚು ಬೇಕಿಲ್ಲ. ಕೆಲವು ಕಾರುಗಳ ಯುಎಸ್‌ಬಿ ಪೋರ್ಟ್ ಅರ್ಧ ಆಂಪಿಯರ್ ಮಾತ್ರ ಕೊಡುತ್ತದೆ. ಚುಚ್ಚಿದ್ದರೂ ಪರ್ಸೆಂಟ್ ಇಳಿಯುತ್ತಿದ್ದರೆ ಗಾಬರಿ ಬೇಡ, ಕಾರಣ ಅದೇ.

ಸ್ಕ್ರೀನಿನದು ಒಂದು ವಿಷಚಕ್ರ. ಬಿಸಿಲು ಕಂಡೊಡನೆ ಆಟೋ ಬ್ರೈಟ್‌ನೆಸ್ ತುದಿಗೆ ಏರುತ್ತದೆ, ಅದರಿಂದ ಫೋನು ಕಾಯುತ್ತದೆ, ಕಾದ ಫೋನು ತನ್ನನ್ನು ಉಳಿಸಿಕೊಳ್ಳಲು ಸ್ಕ್ರೀನ್ ಮಂಕು ಮಾಡುತ್ತದೆ, ಮಂಕಾಯಿತೆಂದು ನಾವು ಬೆರಳಿಂದ ಮತ್ತೆ ಏರಿಸುತ್ತೇವೆ. ನೆರಳಿನ ಜಾಗದಲ್ಲಿಟ್ಟು ಬ್ರೈಟ್‌ನೆಸ್ಸನ್ನು 50-60 ಪರ್ಸೆಂಟಿಗೆ ಕೈಯಿಂದಲೇ ಕಟ್ಟಿಹಾಕಿ. ಉದ್ದ ರಸ್ತೆಯಲ್ಲಿ ಸ್ಕ್ರೀನೇ ಬೇಕಿಲ್ಲ. ಕೊಪ್ಪಳದಿಂದ ಹೊಸಪೇಟೆಗೆ ಹೆದ್ದಾರಿ 67ರಲ್ಲಿ ಹೋಗುವಾಗ ನೀಲಿ ಗೆರೆ ನೋಡಿ ಮಾಡುವುದೇನಿದೆ? ಆಂಡ್ರಾಯ್ಡ್ ಫೋನಿನಲ್ಲಿ ಪವರ್ ಬಟನ್ ಒತ್ತಿ ಸ್ಕ್ರೀನ್ ಆರಿಸಿದರೂ ಗೂಗಲ್ ಮ್ಯಾಪ್ಸ್ ದನಿ ನಿಲ್ಲುವುದಿಲ್ಲ. ನ್ಯಾವಿಗೇಶನ್ ಸೆಟ್ಟಿಂಗ್ಸ್‌ನಲ್ಲಿ ವಾಯ್ಸ್ ಸೆಲೆಕ್ಷನ್‌ಗೆ ಹೋಗಿ ಕನ್ನಡ ಆರಿಸಿದರೆ ಕನ್ನಡದಲ್ಲೇ ಹೇಳುತ್ತದೆ. ಊರಿನ ಹೆಸರುಗಳನ್ನು ಕೊಂಚ ತಿರುಚಿ ಹೇಳಿದರೂ ಎಡ-ಬಲ ಸರಿಯಾಗೇ ಇರುತ್ತದೆ.

ನೆಟ್‌ವರ್ಕ್ ಕೂಡ ಬಿಸಿ ಹುಟ್ಟಿಸುತ್ತದೆ. ಟವರ್ ದೂರವಾದಷ್ಟೂ ಫೋನು ಹೆಚ್ಚು ಶಕ್ತಿ ಹಾಕಿ ಕೂಗಬೇಕು. ರಾಯಚೂರಿನಿಂದ ಮಂತ್ರಾಲಯದ ಕಡೆಗೆ ರಾಜ್ಯದ ಗಡಿ ದಾಟುವಾಗ ಒಂದು ಟವರ್ ಬಿಟ್ಟು ಇನ್ನೊಂದನ್ನು ಹುಡುಕುವ ಕೆಲಸ ಬೇರೆ. ಇದಕ್ಕೆ ಮದ್ದು ಆಫ್‌ಲೈನ್ ಮ್ಯಾಪು. ಮನೆಯ ವೈಫೈಯಲ್ಲಿ ಗೂಗಲ್ ಮ್ಯಾಪ್ಸ್ ತೆರೆದು, ಬಲಮೂಲೆಯ ನಿಮ್ಮ ಫೋಟೋ ಮುಟ್ಟಿ, ಆಫ್‌ಲೈನ್ ಮ್ಯಾಪ್ಸ್‌ಗೆ ಹೋಗಿ, ‘ಸೆಲೆಕ್ಟ್ ಯುವರ್ ಓನ್ ಮ್ಯಾಪ್’ ಒತ್ತಿ. ಬರುವ ಚೌಕದೊಳಗೆ ರಾಯಚೂರು, ಲಿಂಗಸುಗೂರು, ಕೊಪ್ಪಳ, ಬಳ್ಳಾರಿ ನಾಲ್ಕೂ ಬೀಳುವಂತೆ ಬೆರಳಿಂದ ಹಿಗ್ಗಿಸಿ ಡೌನ್‌ಲೋಡ್ ಮಾಡಿ. ನೀವು ಎಲ್ಲಿದ್ದೀರಿ ಎಂಬುದು ಉಪಗ್ರಹದಿಂದ ಬರುತ್ತದೆ, ಅದಕ್ಕೆ ಡೇಟಾ ಬೇಡ. ಊರು ದಾಟಿದ ಮೇಲೆ ಡೇಟಾ ಆಫ್ ಮಾಡಿದರೂ ದಾರಿ ತಪ್ಪುವುದಿಲ್ಲ. ಕನಿಷ್ಠ 5ಜಿ ಬಿಟ್ಟು 4ಜಿಗೆ ಇಳಿಸಿಕೊಳ್ಳಿ. ಡೇಟಾ ಆಫ್ ಇದ್ದಾಗ ಟ್ರಾಫಿಕ್ ವಿವರ ಸಿಗುವುದಿಲ್ಲ ಅಷ್ಟೇ. ಹೊಸಹಳ್ಳಿಯಂಥ ಹೆಸರಿನ ಊರು ಒಂದಕ್ಕಿಂತ ಹೆಚ್ಚಿರುವುದರಿಂದ ತಾಲ್ಲೂಕಿನ ಹೆಸರು ಸೇರಿಸಿ ಹುಡುಕಿ.

ಫೋನಿನ ಮ್ಯಾಪನ್ನು ಕಾರಿನ ಸ್ಕ್ರೀನಿಗೇ ತರುವ ಆಂಡ್ರಾಯ್ಡ್ ಆಟೋ, ಕಾರ್‌ಪ್ಲೇ ಇರುವ ಕಾರಾದರೆ ಫೋನನ್ನು ಬಿಸಿಲಿಗೆ ಹಿಡಿಯುವ ಗೋಜೇ ಇಲ್ಲ. ವೈರ್ ಹಾಕಿಯೇ ಜೋಡಿಸಿ. ವೈರ್‌ಲೆಸ್‌ನಲ್ಲಿ ವೈಫೈ ಸದಾ ಕೆಲಸ ಮಾಡುತ್ತಾ ಫೋನು ಹೆಚ್ಚು ಕಾಯುತ್ತದೆ. ಮುಚ್ಚಿದ ಕೈಪೆಟ್ಟಿಗೆಯೊಳಗೆ ಇಡದೆ ತೆರೆದ ತಟ್ಟೆಯಲ್ಲಿಡಿ.

ನಿಲ್ಲಿಸಿದ ಕಾರಿನಲ್ಲಂತೂ ಫೋನ್ ಬಿಡಲೇಬಾರದು. ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್ ಒಂದು ಗಂಟೆಯೊಳಗೆ 70 ಡಿಗ್ರಿ ಮುಟ್ಟಬಲ್ಲದು. ಮರಳಿ ಬಂದಾಗ ಎದುರುಬದುರಿನ ಎರಡು ಬಾಗಿಲು ತೆರೆದು ಝಳ ಹೊರಗೆ ಬಿಡಿ, ಗಾಜು ಇಳಿಸಿ ಒಂದೆರಡು ನಿಮಿಷ ಓಡಿಸಿ, ಆಮೇಲೆ ಗಾಜು ಏರಿಸಿ ಒಳಗಾಳಿಯ ಬಟನ್ ಒತ್ತಿ. ಹೊರಡುವ ಮುಂಚೆ ನೆರಳಲ್ಲೇ ದಾರಿ ಹಾಕಿಕೊಳ್ಳಿ. ಫೋನನ್ನು ಹೋಲ್ಡರಿಗೆ ಸಿಕ್ಕಿಸುವುದು ಹತ್ತು ನಿಮಿಷದ ಮೇಲೆ, ಅದೂ ಕಾರು ಪಕ್ಕಕ್ಕೆ ನಿಲ್ಲಿಸಿ. ಕಾದ ಹೋಲ್ಡರ್ ತಾನೇ ಒಂದು ಇಸ್ತ್ರಿಪೆಟ್ಟಿಗೆ. ಮೋಟಾರು ವಾಹನ ನಿಯಮ 2020ರ ಅಕ್ಟೋಬರ್ 1ರಿಂದ ಓಡಿಸುವಾಗ ಫೋನ್ ಬಳಕೆಗೆ ದಾರಿ ನೋಡುವುದೊಂದಕ್ಕೇ ಅವಕಾಶ ಕೊಟ್ಟಿದೆ, ಅದೂ ಗಮನ ಕೆಡದಂತೆ. ಜಾರುವ ಫೋನು ಹಿಡಿಯಲು ಹೋಗುವುದು ಆ ಲೆಕ್ಕಕ್ಕೆ ಬರುವುದಿಲ್ಲ.

ಜಾರುವುದಂತೂ ಖಂಡಿತ, ನೋಡಿಕೊಳ್ಳದಿದ್ದರೆ. ಕಾದ ಗಾಜಿನ ಮೇಲೆ ಸಕ್ಷನ್ ಕಪ್ಪಿನ ರಬ್ಬರ್ ಮೆತ್ತಗಾಗಿ, ಒಳಗೆ ಉಳಿದ ಚೂರು ಗಾಳಿ ಹಿಗ್ಗಿ, ಮುಂದಿನ ರೋಡ್ ಹಂಪ್ ಬಂದೊಡನೆ ಹೋಲ್ಡರ್ ಕಾಲಿನ ಮೇಲೆ. ಅಂಟುವ ಜೆಲ್ ಇರುವ ಬಗೆಯಾದರೆ ಸಂಡೂರು ಕಡೆಯ ಅದಿರಿನ ಕೆಂಧೂಳು ಒಂದೇ ವಾರದಲ್ಲಿ ಅದರ ಅಂಟು ತೆಗೆಯುತ್ತದೆ. ಬರೀ ನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿದರೆ ಅಂಟು ಮರಳುತ್ತದೆ, ಬಟ್ಟೆಯಿಂದ ಉಜ್ಜಬೇಡಿ. ಡಬಲ್ ಟೇಪಿನದ್ದನ್ನು ಬೆಳಗಿನ ತಂಪಲ್ಲಿ, ಡ್ಯಾಶ್‌ಬೋರ್ಡಿನ ಪಾಲಿಶ್ ಜಿಡ್ಡನ್ನು ಸ್ಪಿರಿಟ್ಟಿಂದ ಒರೆಸಿ ಅಂಟಿಸಿ ಒಂದು ದಿನ ಹಾಗೇ ಬಿಡಿ.

ಇಷ್ಟಾದರೂ ಎಚ್ಚರಿಕೆಯ ಬರಹ ಬಂದರೆ? ಮೊದಲು ವೈರ್ ಕೀಳಿ, ಆಮೇಲೆ ಬ್ಯಾಕ್ ಕವರ್, ಆಮೇಲೆ ಸ್ಕ್ರೀನ್ ಆಫ್. ಪಕ್ಕದಲ್ಲಿ ಕೂತವರು ಎಸಿ ವೆಂಟಿನ ಮುಂದೆ ಹಿಡಿದರೆ ಸಾಕು. ಐಫೋನಾದರೆ ಆ ಸ್ಥಿತಿಯಲ್ಲೂ ದನಿ ಹೇಳುವುದನ್ನು ಬಿಡುವುದಿಲ್ಲ, ತಿರುವು ಬಂದಾಗ ಮಾತ್ರ ಸ್ಕ್ರೀನ್ ಹೊತ್ತಿಕೊಳ್ಳುತ್ತದೆ. ಒಬ್ಬರೇ ಇದ್ದರೆ ಬೇವಿನ ಮರ ನೋಡಿ ನಿಲ್ಲಿಸಿ, ಒಂದು ಪ್ಲೇಟ್ ಒಗ್ಗರಣಿ-ಮಿರ್ಚಿ ಮುಗಿಯುವಷ್ಟರಲ್ಲಿ ಅದೂ ತಣ್ಣಗಾಗಿರುತ್ತದೆ. ಐಸ್‌ಬಾಕ್ಸ್, ಅಂಗಡಿಯ ಫ್ರಿಜ್, ಒದ್ದೆ ಕರ್ಚೀಫು ಬೇಡ. ತಣ್ಣಗಾದ ಫೋನ್ ಬಿಸಿಗಾಳಿಗೆ ಬಂದಾಗ ಒಳಗೆಲ್ಲ ಹನಿ ಕಟ್ಟುತ್ತದೆ.

ವಾರಕ್ಕೊಮ್ಮೆ ಕವರ್ ತೆಗೆದು ಫೋನನ್ನು ಮೇಜಿನ ಮೇಲೆ ಅಂಗಾತ ಮಲಗಿಸಿ ನೋಡಿ. ಕ್ಯಾಮೆರಾ ಉಬ್ಬಿನಿಂದಲ್ಲದೆ ನಡುಬೆನ್ನಿನಿಂದಲೇ ತೊಟ್ಟಿಲಿನಂತೆ ತೂಗಿದರೆ, ಅಥವಾ ಸ್ಕ್ರೀನಿನ ಅಂಚು ಉಗುರು ಹೋಗುವಷ್ಟು ಎದ್ದಿದ್ದರೆ, ಬ್ಯಾಟರಿ ಉಬ್ಬಿದೆ ಎಂದರ್ಥ. ಒತ್ತಿ ಕೂರಿಸಬೇಡಿ, ಚಾರ್ಜಿಗೆ ಹಾಕಬೇಡಿ, ಅದನ್ನು ಕಾರಿನಲ್ಲಿ ಬಿಡದೆ ಆಫ್ ಮಾಡಿ ನೇರ ಸರ್ವಿಸ್ ಸೆಂಟರಿಗೆ ಕೊಡಿ.