ಆನೆಗೆ ಎಷ್ಟು ಕಾಲು ಅಂತ ಕೇಳಬೇಡಿ

ಜೂನ್ 14, 2025, ಶನಿವಾರ
ಸಿದ್ದಾಪುರದ ಹತ್ತಿರ, ಕೊಡಗು

ಬೆಳಿಗ್ಗೆ ಏಳುವಷ್ಟರಲ್ಲಿ ವಾಟ್ಸಾಪ್‌ಗೆ ಮೆಸೇಜ್ ಬಂದಿತ್ತು: "ಪಕ್ಕದ ತೋಟದಲ್ಲಿ ಆನೆ ಇದೆ, ನಿಧಾನಕ್ಕೆ ಬನ್ನಿ." ಹಲಸು ಹಣ್ಣಾಗುವ ಕಾಲ ಅಲ್ವಾ, ಆನೆಗಳು ತೋಟ ಬಿಟ್ಟು ಹೋಗಲ್ಲ. ಮಳೆ ಬೇರೆ. ಹತ್ತಕ್ಕೆ ಶುರುವಾಗಬೇಕಿದ್ದ ಮಕ್ಕಳ ಆಟದ ಗುಂಪು ಶುರುವಾಗುವಾಗ ಹನ್ನೊಂದು ದಾಟಿತ್ತು.

ಹೊಸದಾಗಿ ಓದುವವರಿಗೆ ಹೇಳಿಬಿಡ್ತೀನಿ. ಶನಿವಾರ ಊರಿನ ಸಮುದಾಯ ಭವನದಲ್ಲಿ ಸೇರುತ್ತೇವೆ. ಮೂರು ತುಂಬದ ಮಕ್ಕಳು, ಜೊತೆಗೆ ಅಪ್ಪನೋ ಅಮ್ಮನೋ ಅಜ್ಜಿಯೋ. ಮಗುವನ್ನು ಬಿಟ್ಟು ಸಂತೆಗೆ ಹೋಗುವ ಹಾಗಿಲ್ಲ, ರೂಲ್ ಅಂತ ಇರೋದು ಅದೊಂದೇ. ನಮ್ಮ ಕಡೆ ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ ಒಂದು ತೋಟವೇ ಇರುತ್ತೆ. ಮಗು ಇನ್ನೊಂದು ಮಗುವಿನ ಮುಖ ನೋಡಬೇಕಾದರೆ ಯಾರದ್ದಾದರೂ ಮದುವೆ ಆಗಬೇಕು. ಅಂಗನವಾಡಿಯಲ್ಲಿ ಆಟ ಪಾಠ ಇರೋದು ಮೂರು ತುಂಬಿದ ಮೇಲೆ. ಅಲ್ಲಿವರೆಗೆ ಪೌಷ್ಟಿಕ ಆಹಾರ ಮನೆಗೆ ಬರುತ್ತೆ, ಜೊತೆಗಾರರು ಬರಲ್ಲ.

"ಟೀಚರ್ ಇಲ್ಲದೆ ಏನು ಕಲೀತಾವೆ?" ಅಂತ ಕೇಳುವವರು ಈಗಲೂ ಇದ್ದಾರೆ. ನ್ಯೂಜಿಲೆಂಡಿನ ವೆಲ್ಲಿಂಗ್ಟನ್‌ನಲ್ಲಿ 1941ರಲ್ಲಿ, ಯುದ್ಧದ ನಡುವೆ, ತಾಯಂದಿರೇ ಸೇರಿ ಪ್ಲೇಸೆಂಟರ್ ಅನ್ನೋ ಮಕ್ಕಳ ಆಟದ ಗುಂಪು ಶುರು ಮಾಡಿದ್ದರು. ಅದು ಇವತ್ತಿಗೂ ಅಪ್ಪ ಅಮ್ಮಂದಿರ ಕೈಯಲ್ಲೇ ನಡೆಯುತ್ತಿದೆ. ಲಂಡನ್ನಿನಲ್ಲಿ ಬೆಲ್ ಟುಟೇವ್ ಎಂಬ ತಾಯಿ 1961ರಲ್ಲಿ ಗಾರ್ಡಿಯನ್ ಪತ್ರಿಕೆಗೆ ಬರೆದ ಒಂದು ಪತ್ರದಿಂದ ಅಲ್ಲಿ ಊರೂರಿಗೂ ಇಂಥ ಗುಂಪು ಹುಟ್ಟಿಕೊಂಡವು. ಹಾಗಾಗಿ ನಾನು ಜಾಸ್ತಿ ವಾದ ಮಾಡಲ್ಲ. ಒಂದ್ಸಲ ಬಂದು ಕೂರಿ ಅಂತೀನಿ.

ಇವತ್ತು ತೋಟದ ಕೆಲಸಗಾರರ ಲೈನ್ ಮನೆಯಿಂದ ಒಬ್ಬ ಅಪ್ಪ ಬಂದಿದ್ದರು. ನಮ್ಮಲ್ಲಿ ಅಪ್ಪಂದಿರು ಬರೋದೇ ಅಪರೂಪ. ಬಂದರೂ ಗೋಡೆಗೆ ಒರಗಿ ಫೋನ್ ನೋಡ್ತಾರೆ. ಇವರು ನೇರವಾಗಿ ನೆಲಕ್ಕೆ ಕೈಯೂರಿ ಆನೆ ಆಗಿಬಿಟ್ಟರು. ಹೆಗಲ ಮೇಲಿದ್ದ ಟವಲ್ಲೇ ಸೊಂಡಿಲು. ಒಂದು ಮಗು ಸ್ಟೀಲ್ ತಟ್ಟೆಗೆ ಚಮಚ ಬಡಿದು ಪಟಾಕಿ ಹೊಡೆಯಿತು. ಇನ್ನೊಂದು ಓಡಿಸೋದು ಬಿಟ್ಟು, ಹಳದಿ ದುಪಟ್ಟಾ ಮುದ್ದೆ ಮಾಡಿ ತಂದು "ಹಲಸು, ತಿನ್ನು" ಅಂತ ಆನೆಯ ಬಾಯಿಗೇ ತುರುಕಿತು. ಗಲಾಟೆಯೋ ಗಲಾಟೆ.

ಆಗ ನಮ್ಮಲ್ಲೊಬ್ಬರು ಕೇಳಿಯೇಬಿಟ್ಟರು: "ಆನೆಗೆ ಎಷ್ಟು ಕಾಲು ಪುಟ್ಟಾ? ಬಣ್ಣ ಯಾವುದು ಹೇಳು?"

ತಟ್ಟೆ ನಿಂತಿತು. ಆನೆಯೂ ತಲೆ ಎತ್ತಿ ನೋಡಿತು. ಹಲಸು ತಂದ ಹುಡುಗಿ "ನಾಲ್ಕು" ಅಂತ ಹೇಳಿ, ದುಪಟ್ಟಾ ಅಲ್ಲೇ ಬಿಸಾಕಿ, ಬಿಸ್ಕೆಟ್ ಹುಡುಕಿಕೊಂಡು ಹೋದಳು.

ಉತ್ತರ ಸರಿ, ಆಟ ಖತಂ. ನಾವು ದೊಡ್ಡವರು ಮಾಡೋದೇ ಇದು. ಮಗು ಏನಾದರೂ ಮಾಡ್ತಿದ್ರೆ ಸಾಕು, ಪರೀಕ್ಷೆ ಶುರು. ಅದಕ್ಕಿಂತ ಫೋನ್ ನೋಡ್ತಾ ಸುಮ್ನೆ ಕೂತವರೇ ವಾಸಿ ಅನ್ನಿಸುತ್ತೆ ಕೆಲವು ಸಲ, ಅವರು ಆಟವನ್ನಂತೂ ಕೆಡಿಸಲ್ಲ.

ಆಟ ಮತ್ತೆ ಎದ್ದಿದ್ದು ಒಬ್ಬ ಅಜ್ಜಿಯಿಂದ. ಅವರು ಏನೂ ಕೇಳಲಿಲ್ಲ. ಸೀರೆ ಸೆರಗು ಸಿಕ್ಕಿಸಿಕೊಂಡು ತೋಟದ ಯಜಮಾನ್ತಿ ಆದರು. "ನನ್ನ ಬಾಳೆ ಎಲ್ಲಾ ತುಳಿದು ಹಾಕಿತಲ್ಲಾ" ಅಂತ ಶುರು ಮಾಡಿ, ಮುಂದಿನದ್ದನ್ನು ಕೊಡವ ತಕ್ಕಿನಲ್ಲಿ ಬೈದರು. ಆನೆ ಮಲಯಾಳದಲ್ಲಿ ಕ್ಷಮೆ ಕೇಳಿತು! ಬಿಸ್ಕೆಟ್ ಕೈಯಲ್ಲಿ ಹಿಡಿದೇ ಆ ಹುಡುಗಿ ಓಡಿಬಂದಳು. ಆನೆಗೆ ಅರ್ಧ, ಅಜ್ಜಿಗೆ ಅರ್ಧ.

ಹೊಸದಾಗಿ ಸೇರಿದ ತಾಯಿಯೊಬ್ಬರಿಗೆ ಚಿಂತೆ, ಅವರ ಮಗ ಯಾರ ಜೊತೆಗೂ ಸೇರದೆ ಮೂಲೆಯಲ್ಲಿ ಡಬ್ಬಿ ಜೋಡಿಸ್ತಾನೆ ಅಂತ. ಎರಡು ವರ್ಷದವರು ಪಕ್ಕಪಕ್ಕ ಕೂತು ತಮ್ಮ ಪಾಡಿಗೆ ಆಡೋದು ಸಹಜ ಅಂದೆ. ನೀವೂ ನಾಲ್ಕು ಡಬ್ಬಿ ತಗೊಂಡು ಅವನ ಪಕ್ಕ ಕೂರಿ, ಅವನಾಗಿ ನೋಡುವವರೆಗೆ ಕಾಯಿರಿ. ಕೂತರು. ಹೊರಡುವ ಹೊತ್ತಿಗೆ ಅವನು ಅಮ್ಮನ ಡಬ್ಬಿಯೊಂದನ್ನು ಕದ್ದಿದ್ದ.

ಯಾರೋ ಪ್ರೀತಿಯಿಂದ ಹಳೇ ಚೆನ್ನೆಮಣೆ ತಂದಿದ್ದರು. ಕಾಳಿನ ಚೀಲದಲ್ಲಿ ಮಂಜೊಟ್ಟಿ ಜೊತೆ ಗುಲಗಂಜಿಯೂ ಸೇರಿತ್ತು. ಗುಲಗಂಜಿ ವಿಷ. ಅದಿಲ್ಲದಿದ್ದರೂ ಎಲ್ಲವನ್ನೂ ಬಾಯಿಗೆ ಹಾಕುವ ವಯಸ್ಸಿಗೆ ಕಾಳಿನ ಆಟ ಬೇಡ. ಮಣೆ ಇಟ್ಟುಕೊಂಡು ಚೀಲ ವಾಪಸ್ ಕಳಿಸಿದೆವು.

ಈ ವಾರ ಚಾಪೆ, ಬೆಡ್‌ಶೀಟ್ ಒಗೆಯುವ ಸರದಿ ನಮ್ಮದು. ಈ ಮಳೆಯಲ್ಲಿ ಬಿಸಿಲು ಎಲ್ಲಿಂದ ತರೋದು? ನೀರೊಲೆ ಮೇಲೆ ಹಗ್ಗ ಕಟ್ಟಿದ್ದೇನೆ. ಮುಂದಿನ ಶನಿವಾರ ಎಲ್ಲರೂ ಹೊಗೆ ವಾಸನೆಯಲ್ಲೇ ಆಡಬೇಕು.