ಯಾರೋ ಹಾಕಿ ಬಿಟ್ಟ ಬಟ್ಟೆಯಲ್ಲಿ ಅಂಥದ್ದೇನಿದೆ?

ನನ್ನ ವಿಂಟೇಜ್ ಬಟ್ಟೆ ಅಂಗಡಿಗೆ ಮೊದಲ ಸಲ ಬಂದವರು ಒಂದೆರಡು ಬಟ್ಟೆ ಮುಟ್ಟಿ ನೋಡುತ್ತಾರೆ. ಆಮೇಲೆ ಸ್ವಲ್ಪ ಸಂಕೋಚದಿಂದ ಕೇಳುತ್ತಾರೆ: "ಯಾರೋ ಹಾಕಿ ಬಿಟ್ಟಿದ್ದಲ್ವಾ ಇದು? ಇದರಲ್ಲಿ ಅಂಥದ್ದೇನಿದೆ?" ಈ ಪ್ರಶ್ನೆ ನನಗೆ ಬೇಜಾರಲ್ಲ. ಕೈಗೆ ಸಿಕ್ಕ ಕೋಟನ್ನೋ ಫ್ರಾಕನ್ನೋ ತೆಗೆದು, ಒಳಮಗ್ಗುಲು ತಿರುಗಿಸಿ ಅವರ ಕೈಗೆ ಕೊಡುತ್ತೇನೆ.

ಹೊರಗಿನ ಅಂದ ಯಾರಿಗಾದರೂ ಕಾಣುತ್ತದೆ. ಹೊಲಿದವರ ಕೈ ಕಾಣುವುದು ಒಳಗೆ. ಬಹಳಷ್ಟು ಹಳೇ ಬಟ್ಟೆಗಳಲ್ಲಿ ಹೊಲಿಗೆಯ ಪಕ್ಕ ಧಾರಾಳವಾಗಿ ಬಟ್ಟೆ ಬಿಟ್ಟಿರುತ್ತಾರೆ, ಕೆಲವೊಮ್ಮೆ ಎರಡು ಬೆರಳಗಲ. ಮೈ ತುಂಬಿಕೊಂಡರೆ ಬಿಚ್ಚಿ ಸಡಿಲ ಮಾಡಲಿ, ಎತ್ತರ ಬೆಳೆದರೆ ಕೆಳಗಿನ ಮಡಿಕೆ ಇಳಿಸಲಿ ಅಂತ. ಈಗಿನ ರೆಡಿಮೇಡ್ ಬಟ್ಟೆ ತಿರುಗಿಸಿ ನೋಡಿ. ಓವರ್‌ಲಾಕ್ ಯಂತ್ರ ಅಂಚು ಕತ್ತರಿಸಿ ಅಲ್ಲೇ ಹೊಲಿದು ಮುಗಿಸಿರುತ್ತದೆ. ಸಡಿಲ ಮಾಡೋಣ ಅಂದರೆ ಒಳಗೆ ಬಟ್ಟೆಯೇ ಇರುವುದಿಲ್ಲ.

ನನ್ನ ಹತ್ತಿರ ಒಂದು ಹತ್ತಿ ಶರ್ಟು ಇದೆ, ಮಾರಲು ಇಟ್ಟಿಲ್ಲ. ಕತ್ತಿಗೆ ಉಜ್ಜಿ ಉಜ್ಜಿ ಕಾಲರ್ ಸವೆದಾಗ ಯಾರೋ ಅದನ್ನು ಪೂರ್ತಿ ಬಿಚ್ಚಿ, ತಿರುವಿ ಹಾಕಿ ಮತ್ತೆ ಹೊಲಿದಿದ್ದಾರೆ. ಸವೆದ ಮಗ್ಗುಲು ಈಗ ಕೆಳಗೆ ಅಡಗಿದೆ. ಬೆಳಕಿಗೆ ಹಿಡಿದರೆ ಹಳೇ ಹೊಲಿಗೆಯ ತೂತುಗಳು ಸಾಲಾಗಿ ಕಾಣುತ್ತವೆ. ಅಷ್ಟು ಕಷ್ಟಪಟ್ಟು ಉಳಿಸಿಕೊಂಡ ಶರ್ಟನ್ನು ಸುಮ್ನೆ 'ಹಳೇ ಬಟ್ಟೆ' ಅನ್ನಲು ನನಗೆ ಮನಸ್ಸು ಬರುವುದಿಲ್ಲ.

ಸಾಮಾನ್ಯವಾಗಿ 20 ವರ್ಷ ದಾಟಿದ್ದನ್ನು ವಿಂಟೇಜ್ ಅನ್ನುತ್ತಾರೆ, 100 ದಾಟಿದರೆ ಆಂಟಿಕ್. ವಯಸ್ಸು ಗೊತ್ತಾಗುವುದು ಸಣ್ಣಸಣ್ಣ ಗುರುತುಗಳಿಂದ. ಲೀವೈಸ್ ಜೀನ್ಸಿನ ಜೇಬಿನ ಕೆಂಪು ಪಟ್ಟಿಯ ಮೇಲಿನ ಹೆಸರಿನಲ್ಲಿ ಇಂಗ್ಲಿಷಿನ 'E' 1971ರ ತನಕ ದೊಡ್ಡಕ್ಷರವಾಗಿತ್ತು, ಆಮೇಲೆ ಸಣ್ಣಕ್ಷರ 'e' ಆಯಿತು. ಒಗೆಯುವ ವಿಧಾನ ತಿಳಿಸುವ ಲೇಬಲ್ ಇರಲೇಬೇಕು ಎಂಬ ನಿಯಮ ಅಮೆರಿಕದಲ್ಲಿ ಜಾರಿಗೆ ಬಂದದ್ದು 1972ರಲ್ಲಿ. ಆದರೆ ಒಂದೇ ಗುರುತು ನಂಬಿದರೆ ಮೋಸ ಹೋಗುತ್ತೇವೆ. ಲೋಹದ ಜಿಪ್ ನೋಡಿ ತುಂಬಾ ಹಳೇದು ಅಂದುಕೊಂಡಿರುತ್ತೇವೆ, ಅದನ್ನು ಯಾರೋ ಆಮೇಲೆ ಕೂರಿಸಿರಬಹುದು. ಸೈಜಿನ ನಂಬರನ್ನಂತೂ ನೋಡಲೇಬೇಡಿ. ಅಂದಿನ ಅಳತೆ ಬೇರೆ, ಇಂದಿನದು ಬೇರೆ. ಟೇಪು ಹಿಡಿದು ಎದೆ, ಸೊಂಟ, ಭುಜ ಅಳೆಯುವುದೇ ಸರಿ.

ಅಂಗಡಿ ಅಂದರೆ ಚಂದದ ಬಟ್ಟೆ ಹುಡುಕಿಕೊಂಡು ಸುತ್ತುವುದು ಅಂತ ಹಲವರು ಅಂದುಕೊಂಡಿದ್ದಾರೆ. ಅದಕ್ಕಿಂತ ಜಾಸ್ತಿ ಹೊತ್ತು ಹೋಗುವುದು ಕಂಕುಳಿನ ಕಲೆ, ಸಡಿಲ ಗುಂಡಿ, ಹರಿದ ಲೈನಿಂಗ್ ನೋಡುವುದರಲ್ಲಿ. ಉಣ್ಣೆ ಬಂದರೆ ಮೊದಲು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಎರಡು ವಾರ ಫ್ರೀಜರಿನಲ್ಲಿ ಇಡುತ್ತೇನೆ, ಒಳಗೆ ಹುಳ, ಮೊಟ್ಟೆ ಇದ್ದರೆ ಸಾಯಲಿ ಅಂತ. ಉಣ್ಣೆ ತಿನ್ನುವುದು ಹಾರಾಡುವ ಪತಂಗವಲ್ಲ, ಅದರ ಮರಿಹುಳ. ಒಂದು ಮೊಟ್ಟೆ ಉಳಿದರೂ ಪಕ್ಕದ ಕೋಟಿಗೆ ಕುತ್ತು.

ಬೇಡ ಅನ್ನುವುದೂ ಈ ಕೆಲಸದ ಭಾಗ. ನೂರು ವರ್ಷದ ಹಿಂದೆ ರೇಷ್ಮೆಯ ತೂಕ ಹೆಚ್ಚಿಸಲು ಅದಕ್ಕೆ ತವರದ ಲವಣ ಕುಡಿಸುತ್ತಿದ್ದರು. ಅಂಥ ರೇಷ್ಮೆ ಈಗ ಮಡಿಕೆ ಮಡಿಕೆಗೂ ಸೀಳುತ್ತದೆ, ಸೂಜಿ ಹಾಕಿದ ಕಡೆಯೇ ಹರಿಯುತ್ತದೆ. ಎಷ್ಟೇ ಚಂದವಿದ್ದರೂ ಹಾಕಿಕೊಳ್ಳಲು ಅಂತ ಅದನ್ನು ಮಾರುವುದಿಲ್ಲ. ಮಾರುವ ಬಟ್ಟೆಯಲ್ಲಿ ತೂತು, ಕಲೆ, ರಫೂ ಏನಿದ್ದರೂ ಚೀಟಿಯಲ್ಲಿ ಬರೆದಿರುತ್ತೇನೆ.

ಇದೇ ಪ್ರಶ್ನೆ ಕೇಳಿದ್ದ ಒಬ್ಬರು ಅವತ್ತು ಒಂದು ನೀಲಿ ಫ್ರಾಕ್ ತಗೊಂಡು ಹೋದರು. ಎರಡು ವರ್ಷದ ಮೇಲೆ ಸೊಂಟ ಬಿಗಿಯಾಯಿತು ಅಂತ ತಂದರು. ಕೂತು ಒಳಹೊಲಿಗೆ ಬಿಚ್ಚಿದೆ. ಒಳಗೆ ಬಿಟ್ಟಿದ್ದ ಬಟ್ಟೆ ಬಿಸಿಲೇ ಕಂಡಿರಲಿಲ್ಲ, ಕಡುನೀಲಿಯಾಗಿ ಹೊಸದರ ಹಾಗೇ ಇತ್ತು. ಪಕ್ಕದಲ್ಲಿ ಸಣ್ಣ ಗೆರೆ ಕಾಣುತ್ತೆ, ಪರವಾಗಿಲ್ವಾ ಅಂದೆ. ಅವರು ಆ ಗೆರೆಯ ಮೇಲೆ ಬೆರಳಾಡಿಸಿ, "ಇರಲಿ, ಹಾಗೇ ಬಿಡಿ" ಅಂದರು.